ತಾರಸಿ ತರಕಾರಿ ಕಿಟ್: ಟ್ರೇಗೆ ಪಾಸು, ಬೀಜಕ್ಕೆ ಫೇಲು

ಕೋಲಾರದಲ್ಲಿ ಕೂತು ಟೊಮೇಟೊ ಬೀಜಕ್ಕೆ ಅಂತ 699 ರೂಪಾಯಿ ಕೊಟ್ಟವಳು ಬಹುಶಃ ನಾನೊಬ್ಬಳೇ. ನಮ್ಮನೆಯವರು ಗೂಡ್ಸ್ ಆಟೊ ಓಡಿಸುತ್ತಾರೆ. ಸೀಸನ್ನಿನಲ್ಲಿ ಹಳ್ಳಿಗಳಿಂದ ಎಪಿಎಂಸಿ ಮಾರ್ಕೆಟ್ಟಿಗೆ ಟೊಮೇಟೊ ಬಾಕ್ಸ್ ಸಾಗಿಸುವುದೇ ಅವರ ಕೆಲಸ. ಗಾಡಿಯ ಮೂಲೆಯಲ್ಲಿ ಉರುಳಿ ಉಳಿದ ಹಣ್ಣು ನಮ್ಮ ಮನೆಗೆ ಒಂದು ವಾರಕ್ಕೆ ಸಾಕು. ಪಾರ್ಸೆಲ್ ಬಿಚ್ಚಿದ ದಿನ ಅವರು ಪೊಟ್ಟಣ ಎತ್ತಿ ಅಲ್ಲಾಡಿಸಿ, "ರೇಟು ಬಿದ್ದಾಗ ಈ ದುಡ್ಡಿಗೆ ಎಷ್ಟು ಬಾಕ್ಸ್ ಹಣ್ಣು ಬರುತ್ತೆ ಗೊತ್ತಾ?" ಅಂದರು. "2023ರ ಜುಲೈ ಮರೆತುಹೋಯ್ತಾ?" ಅಂದೆ. ಆಗ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತು. ಗಾಡಿಯ ಮೂಲೆಯಲ್ಲಿ ಒಂದು ಹಣ್ಣೂ ಉಳಿಯುತ್ತಿರಲಿಲ್ಲ. ಸುಮ್ಮನಾದರು.

ನಿಜವಾದ ಕಾರಣ ಬೇರೆ ಇತ್ತು. ಮಾರ್ಕೆಟ್ಟಿಗೆ ಹೋಗುವ ಹಣ್ಣು ಲಾರಿಯಲ್ಲಿ ದೂರ ಹೋಗಬೇಕು, ಅದಕ್ಕೇ ಸಿಪ್ಪೆ ಗಟ್ಟಿ, ತಿರುಳು ಗಟ್ಟಿ. ಸಾರಿಗೆ ಹಾಕಿದರೆ ಹುಳಿಯೇ ಬಿಡುವುದಿಲ್ಲ, ಮತ್ತೆ ಹುಣಸೆಹಣ್ಣು ಕಿವುಚಬೇಕು. ಜೊತೆಗೆ ಆರನೇ ಕ್ಲಾಸಿನ ಮಗಳು ಮೊಬೈಲಿನಲ್ಲಿ ಆ ಕಿಟ್ಟಿನ ಜಾಹೀರಾತು ನೋಡಿ ಹಟ ಹಿಡಿದಿದ್ದಳು. ನಮ್ಮದು ಸಣ್ಣ ಮನೆ. ಕೆಳಗೆ ನನ್ನ ಟೈಲರಿಂಗ್, ಮೇಲೆ ಖಾಲಿ ತಾರಸಿ. ಆಗಲಿ ಅಂತ ತರಿಸಿದೆ. ಕಂಪನಿ ಹೆಸರು ಬರೆಯುವುದಿಲ್ಲ. ಇಂಥ ಕಿಟ್ ಮಾರುವವರು ಈಗ ತುಂಬಾ ಜನ ಇದ್ದಾರೆ, ನೋಡಬೇಕಾದ ವಿಷಯ ಎಲ್ಲದರಲ್ಲೂ ಒಂದೇ.

ಡಬ್ಬದೊಳಗೆ ಇದ್ದದ್ದು: ಹನ್ನೆರಡು ಗುಳಿಯ ಎರಡು ಟ್ರೇ, ಅವಕ್ಕೆ ಪಾರದರ್ಶಕ ಮುಚ್ಚಳ, ಒಂದು ಕೊಕೊಪೀಟ್ ಇಟ್ಟಿಗೆ, ಆರು ಪುಟ್ಟ ಕುಂಡ, ಹೆಸರು ಬರೆಯಲು ಐಸ್‌ಕ್ರೀಂ ಕಡ್ಡಿಯಂಥ ಕಡ್ಡಿಗಳು, ನೀರು ಸಿಂಪಡಿಸುವ ಹಸಿರು ಬಾಟಲಿ, ಮತ್ತು ಇಪ್ಪತ್ತಿಪ್ಪತ್ತು ಬೀಜದ ಆರು ಪೊಟ್ಟಣ. ಟೊಮೇಟೊ, ಚೆರ್ರಿ ಟೊಮೇಟೊ, ಚಿಲ್ಲಿ, ಹಸಿರು ಕ್ಯಾಪ್ಸಿಕಂ, ಕೆಂಪು ಕ್ಯಾಪ್ಸಿಕಂ, ಹಾಟ್ ಪೆಪ್ಪರ್. ಚಿಲ್ಲಿ ಅಂದರೆ ಯಾವ ಚಿಲ್ಲಿ? ಬ್ಯಾಡಗಿಯೋ ಗುಂಟೂರೋ, ತಳಿಯ ಹೆಸರೇ ಇಲ್ಲ.

ಹಾಟ್ ಪೆಪ್ಪರ್ ಪೊಟ್ಟಣ ಮನೆಯಲ್ಲಿ ಒಂದು ಸಣ್ಣ ಜಗಳವನ್ನೇ ತಂದಿತು. ಕಿಟ್ಟಿನ ಜೊತೆಗಿದ್ದ ಕನ್ನಡ ಚೀಟಿಯಲ್ಲಿ ಅದನ್ನು 'ಬಿಸಿ ಮೆಣಸು' ಅಂತ ಬರೆದಿದ್ದರು. ನಮ್ಮತ್ತೆ ಮುಳಬಾಗಿಲು ಕಡೆಯವರು. "ಮೆಣಸು ಬಳ್ಳಿಯಲ್ಲವೇನಮ್ಮಾ, ಕೊಡಗಿನಲ್ಲಿ ಮರಕ್ಕೆ ಹಬ್ಬಿಸ್ತಾರೆ. ತಾರಸಿಯಲ್ಲಿ ಎಲ್ಲಿಗೆ ಹಬ್ಬಿಸ್ತೀಯ?" ಅಂತ ಕೇಳಿದರು. ಅದು ಖಾರದ ಮೆಣಸಿನಕಾಯಿ ಅಂತ ವಿವರಿಸಿದೆ. "ಮತ್ತೆ ಚಿಲ್ಲಿ ಯಾವುದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಸಿರು ಕ್ಯಾಪ್ಸಿಕಂ, ಕೆಂಪು ಕ್ಯಾಪ್ಸಿಕಂ ಕಥೆಯೂ ಹಾಗೇ. ಸಾಮಾನ್ಯವಾಗಿ ಹಸಿರು ದೊಣ್ಣೆ ಮೆಣಸಿನಕಾಯಿಯನ್ನು ಗಿಡದಲ್ಲೇ ಬಿಟ್ಟರೆ ಅದೇ ಹಣ್ಣಾಗಿ ಕೆಂಪಾಗುತ್ತದೆ. ಕಾಯಿಗೊಂದು ಪೊಟ್ಟಣ, ಹಣ್ಣಿಗೊಂದು ಪೊಟ್ಟಣ!

ಸಂಕ್ರಾಂತಿಯ ಮರುದಿನ ಬಿತ್ತನೆ. ಗುಳಿಗೊಂದು ಬೀಜ, ಪೊಟ್ಟಣಕ್ಕೆ ನಾಲ್ಕರಂತೆ ಇಪ್ಪತ್ನಾಲ್ಕು. ಚೀಟಿಯಲ್ಲಿ ಎರಡು ಸೆಂಟಿಮೀಟರ್ ಆಳ ಅಂತ ಇತ್ತು, ಹಾಗೇ ಮಾಡಿದೆ. ಅದು ಜಾಸ್ತಿಯಾಯಿತು. ಇಷ್ಟು ಸಣ್ಣ ಬೀಜಕ್ಕೆ ಅರ್ಧ ಸೆಂಟಿಮೀಟರಿನಿಂದ ಒಂದರವರೆಗೆ ಸಾಕು. ಎಲ್ಲವೂ 5ರಿಂದ 7 ದಿನದಲ್ಲಿ ಮೊಳೆಯುತ್ತವೆ ಅಂತಲೂ ಬರೆದಿತ್ತು. ಹತ್ತನೇ ದಿನ ಟೊಮೇಟೊ ಮೂರು, ಚೆರ್ರಿ ಮೂರು ಎದ್ದವು. ಮೆಣಸಿನಕಾಯಿ ಕಡೆ ಮೂರು ವಾರವಾದರೂ ಬರೀ ಕಂದು ಪುಡಿ. ಮಗಳು ದಿನಾ ಶಾಲೆಗೆ ಹೋಗುವ ಮುಂಚೆ ಬಗ್ಗಿ ನೋಡುವುದು, ಮುಖ ಸಣ್ಣ ಮಾಡಿಕೊಂಡು ಹೋಗುವುದು.

ಇದರಲ್ಲಿ ನನ್ನ ತಪ್ಪೂ ಇದೆ. ಜನವರಿಯಲ್ಲಿ ನಮ್ಮೂರಿನ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಟೊಮೇಟೊ ಹೇಗೋ ತಡೆದುಕೊಳ್ಳುತ್ತದೆ. ಮೆಣಸಿನಕಾಯಿ, ಕ್ಯಾಪ್ಸಿಕಂ ಬೀಜಕ್ಕೆ 25ರಿಂದ 30 ಡಿಗ್ರಿ ಬೆಚ್ಚಗಿದ್ದರೇ ಖುಷಿ. ಆಗಲೂ ಎಂಟರಿಂದ ಹದಿನಾಲ್ಕು ದಿನ ತೆಗೆದುಕೊಳ್ಳುತ್ತವೆ, ಕ್ಯಾಪ್ಸಿಕಂ ಇನ್ನೂ ಸೋಮಾರಿ. ಆದ್ದರಿಂದ ಮೊದಲ ಸಲದ ಫಲಿತಾಂಶವನ್ನು ಕಿಟ್ಟಿನ ತಲೆಗೆ ಕಟ್ಟುವುದಿಲ್ಲ.

ಎರಡನೇ ಸಲ ಶಿವರಾತ್ರಿ ಹೊತ್ತಿಗೆ ಸರಿಯಾಗಿ ಪರೀಕ್ಷೆ ಮಾಡಿದೆ. ಹೆಸರುಕಾಳು ಮೊಳಕೆ ಕಟ್ಟುವ ಹಾಗೆಯೇ. ಬ್ಲೌಸಿನಿಂದ ಉಳಿದ ಕಾಟನ್ ಲೈನಿಂಗ್ ತುಂಡುಗಳನ್ನು ನೆನೆಸಿ ಹಿಂಡಿ, ಒಂದೊಂದರಲ್ಲಿ ಹತ್ತು ಬೀಜ ಸುತ್ತಿ, ಟಿಫಿನ್ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ತಲೆಯ ಮೇಲಿಟ್ಟೆ. ಅಲ್ಲಿ ಯಾವಾಗಲೂ ಸ್ವಲ್ಪ ಬೆಚ್ಚಗಿರುತ್ತದೆ. ಹೋಲಿಸಿ ನೋಡಲು ಇನ್ನೆರಡು ಕಡೆಯ ಬೀಜವನ್ನೂ ಸೇರಿಸಿದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನಿಂದ ತರಿಸಿದ ಅರ್ಕಾ ರಕ್ಷಕ್ ಟೊಮೇಟೊ. ಮತ್ತೆ ಅತ್ತೆ ಊರಿನಿಂದ ತಂದಿಟ್ಟುಕೊಂಡಿದ್ದ ಹಾರ್ಲಿಕ್ಸ್ ಬಾಟಲಿ. ಅದರ ತುಂಬ ಒಲೆಯ ಬೂದಿ, ಬೂದಿಯೊಳಗೆ ಹುಳಿ ಟೊಮೇಟೊ ಮತ್ತು ನಾಟಿ ಮೆಣಸಿನಕಾಯಿ ಬೀಜ.

ಎರಡು ವಾರದ ಲೆಕ್ಕ ಮಗಳ ನೋಟ್‌ಬುಕ್ಕಿನಲ್ಲಿದೆ. ಹತ್ತಕ್ಕೆ ಹತ್ತು ಯಾವುದೂ ಇಲ್ಲ. ಅರ್ಕಾ ರಕ್ಷಕ್ ಒಂಬತ್ತು. ಅತ್ತೆಯ ಮೆಣಸಿನಕಾಯಿ ಎಂಟು, ಹುಳಿ ಟೊಮೇಟೊ ಆರು. ಕಿಟ್ಟಿನ ಚೆರ್ರಿ ಎಂಟು, ಟೊಮೇಟೊ ಏಳು. ಅಲ್ಲಿಯವರೆಗೆ ಪರವಾಗಿಲ್ಲ. ಆಮೇಲೆ ಕಿಟ್ಟಿನ ಚಿಲ್ಲಿ ನಾಲ್ಕು, ಹಸಿರು ಕ್ಯಾಪ್ಸಿಕಂ ಎರಡು, ಕೆಂಪು ಕ್ಯಾಪ್ಸಿಕಂ ಒಂದು. ಬಿಸಿ ಮೆಣಸು ಸೊನ್ನೆ. ಇನ್ನೊಂದು ವಾರ ಬಿಟ್ಟು ನೋಡಿದೆ, ಬೀಜಕ್ಕೆ ಬೂಷ್ಟು ಬಂತೇ ಹೊರತು ಮೊಳಕೆ ಬರಲಿಲ್ಲ.

ಕಂಪನಿಗೆ ಫೋನ್ ಮಾಡಿದೆ. ಒಬ್ಬ ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡಿದ.

"ನೀರು ಜಾಸ್ತಿ ಆಗಿರಬೇಕು ಮೇಡಂ."

"ಇಲ್ಲಪ್ಪಾ, ಹಿಂಡಿದ ಬಟ್ಟೆಯಲ್ಲಿ ಕಟ್ಟಿದ್ದೆ."

"ಹಾಗಾದ್ರೆ ನೀರು ಕಡಿಮೆ ಆಗಿರಬೇಕು ಮೇಡಂ."

ಕೊನೆಗೆ ಮುಂದಿನ ಆರ್ಡರಿಗೆ ಹತ್ತು ಪರ್ಸೆಂಟ್ ಕೂಪನ್ ಕಳಿಸಿದರು. ಮೊಳೆಯದ ಬೀಜವನ್ನು ಇನ್ನೂ ಸ್ವಲ್ಪ ಕಡಿಮೆ ಬೆಲೆಗೆ ತಗೊಳ್ಳಿ ಅಂತ.

ವಿಷಯ ಅರ್ಥವಾಗಿದ್ದು ನನ್ನ ಗಿರಾಕಿಯೊಬ್ಬರಿಂದ. ವೇಮಗಲ್ ಕಡೆ ಎರಡು ಎಕರೆ ಟೊಮೇಟೊ ಬೆಳೆಯುವ ಮನೆಯ ಹೆಂಗಸು. ಬ್ಲೌಸ್ ಒಯ್ಯಲು ಬಂದವರು ಪೊಟ್ಟಣ ಕೈಗೆತ್ತಿಕೊಂಡು ಮೊದಲು ನೋಡಿದ್ದು ಹಿಂಭಾಗ. "ಟೆಸ್ಟ್ ಡೇಟ್ ಎಲ್ಲಿದೆ?" ಅಂದರು. ರೈತರು ತರುವ ಪೊಟ್ಟಣದ ಮೇಲೆ ಲಾಟ್ ನಂಬರು, ಮೊಳಕೆ ಪರೀಕ್ಷೆ ಮಾಡಿದ ತಾರೀಕು, ಎಲ್ಲಿಯವರೆಗೆ ಬಳಸಬಹುದು ಅನ್ನುವುದು, ನೂರಕ್ಕೆ ಕನಿಷ್ಠ ಎಷ್ಟು ಮೊಳೆಯಬೇಕು ಅನ್ನುವುದು ಎಲ್ಲಾ ಇರುತ್ತದೆ. ಟೊಮೇಟೊಗೆ ಕನಿಷ್ಠ 70, ಮೆಣಸಿನಕಾಯಿಗೆ 60. ಪರೀಕ್ಷೆಯ ದಿನದಿಂದ ಒಂಬತ್ತು ತಿಂಗಳು ಅವಧಿ. ಅದು ಮುಗಿದರೆ ಮತ್ತೆ ಪರೀಕ್ಷೆ ಮಾಡಿಸಬೇಕು. ಕಿಟ್ಟಿನ ಪೊಟ್ಟಣದ ಹಿಂದೆ ಇದ್ದದ್ದು ಪ್ಯಾಕ್ ಮಾಡಿದ ತಿಂಗಳು ಮತ್ತು 'ಎರಡು ವರ್ಷದೊಳಗೆ ಬಳಸಿ', ಬಿಸ್ಕತ್ ಪೊಟ್ಟಣದ ಹಾಗೆ. ಪ್ಯಾಕ್ ಮಾಡುವ ಮುಂಚೆ ಬೀಜ ಎಷ್ಟು ವರ್ಷ ಯಾವ ಗೋಡೌನಿನಲ್ಲಿ ಬಿದ್ದಿತ್ತೋ ದೇವರೇ ಬಲ್ಲ. ಟೊಮೇಟೊ ಬೀಜ ಚೆನ್ನಾಗಿಟ್ಟರೆ ಕೆಲವು ವರ್ಷ ಬಾಳುತ್ತದೆ. ಮೆಣಸಿನಕಾಯಿ, ಕ್ಯಾಪ್ಸಿಕಂ ಅಷ್ಟು ಬಾಳುವುದಿಲ್ಲ. ನನ್ನ ನೋಟ್‌ಬುಕ್ಕಿನ ಲೆಕ್ಕ ಅದಕ್ಕೆ ಸರಿಹೊಂದುತ್ತದೆ ಅಲ್ವಾ?

ಈಗ ಒಳ್ಳೆಯದನ್ನೂ ಹೇಳಬೇಕು. ಟ್ರೇ ನಿಜಕ್ಕೂ ಚೆನ್ನಾಗಿದೆ. ಇಲ್ಲಿನ ನರ್ಸರಿಗಳಲ್ಲಿ 98 ಗುಳಿಯ ತೆಳು ಕಪ್ಪು ಟ್ರೇ ಬಳಸುತ್ತಾರೆ, ಮನೆಯಲ್ಲಿ ಎತ್ತಿದರೆ ನಡುವೆ ಬಾಗುತ್ತದೆ. ಇದು ದಪ್ಪ, ಬಾಗುವುದಿಲ್ಲ. ಗುಳಿಯ ತೂತೂ ದೊಡ್ಡದು, ಕೆಳಗಿನಿಂದ ಬೆರಳಲ್ಲಿ ಒತ್ತಿದರೆ ಸಸಿ ಬೇರು ಸಮೇತ ಇಡ್ಲಿಯಂತೆ ಎದ್ದು ಬರುತ್ತದೆ. ಮುಚ್ಚಳ ಮಾತ್ರ ಹುಷಾರು. ಮೊಳಕೆ ಕಾಣುವವರೆಗೆ ಸಾಕು, ಕಂಡ ದಿನವೇ ತೆಗೆಯಬೇಕು. ಚೀಟಿಯಲ್ಲಿ ಅದನ್ನು ಬರೆದಿಲ್ಲ. ಬಟ್ಟೆಯಿಂದ ಟ್ರೇಗೆ ಹಾಕಿದ ಮೂರು ಕ್ಯಾಪ್ಸಿಕಂ ಸಸಿಗಳಲ್ಲಿ ಎರಡು ಮುಚ್ಚಳದ ಸೆಕೆಗೆ ಬುಡ ಕೊಳೆತು ಅಡ್ಡ ಮಲಗಿದವು. ಒದ್ದೆ ಜಾಸ್ತಿ, ಗಾಳಿ ಇಲ್ಲ, ಶಿಲೀಂಧ್ರಕ್ಕೆ ಇನ್ನೇನು ಬೇಕು.

ಕೊಕೊಪೀಟ್ ಕೂಡ ಪರವಾಗಿಲ್ಲ, ಇಟ್ಟಿಗೆ ನೀರು ಕುಡಿದು ಬಕೆಟ್ ತುಂಬ ಉಬ್ಬಿತು. ಆದರೆ 'ಗೊಬ್ಬರ ಬೇಕಿಲ್ಲ' ಅನ್ನುವ ಮಾತು ಸುಳ್ಳು. ಅದು ತೆಂಗಿನ ನಾರಿನ ಪುಡಿ, ಅದರಲ್ಲಿ ಗಿಡಕ್ಕೆ ತಿನ್ನಲು ಹೆಚ್ಚೇನೂ ಇಲ್ಲ. ಎರಡು ವಾರಕ್ಕೆ ಸಸಿ ಹಳದಿಯಾದವು. ಮೂರಕ್ಕೊಂದು ಪಾಲು ಎರೆಗೊಬ್ಬರ ಬೆರೆಸಿದ ಮೇಲೆ ಚೇತರಿಸಿಕೊಂಡವು. ನಮ್ಮ ಬೋರ್‌ವೆಲ್ ನೀರು ಗಡಸು, ಟ್ರೇ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಸಸಿಗಳಿಗೆ ಕುಡಿಯುವ ನೀರಿನ ಕ್ಯಾನಿನಿಂದಲೇ ಹಾಕಿದೆ. ನಮ್ಮನೆಯವರಿಗೆ ಹೇಳಿಲ್ಲ.

ಆರು ಪುಟ್ಟ ಕುಂಡ ಕಿಟಕಿಯಲ್ಲಿ ಫೋಟೊಗೆ ಚೆಂದ, ಅಷ್ಟೇ. ಟೊಮೇಟೊ ಗಿಡಕ್ಕೆ 20 ಲೀಟರಿನ ಪೇಂಟ್ ಬಕೆಟ್ಟೇ ಸರಿ. ಮೆಣಸಿನಕಾಯಿಗೆ ಅದರ ಅರ್ಧ ಸಾಕು. ಹತ್ತು ದಿನಕ್ಕೆ ಸಸಿ ಕಿತ್ತು ನೆಡಿ ಅಂತ ಚೀಟಿ ಹೇಳುತ್ತದೆ, ಕೇಳಬೇಡಿ. ಟೊಮೇಟೊ 25 ದಿನ, ಮೆಣಸಿನಕಾಯಿ 35ರಿಂದ 40 ದಿನ ಟ್ರೇಯಲ್ಲೇ ಇರಲಿ. ಇದೂ ವೇಮಗಲ್ಲಿನವರ ಲೆಕ್ಕವೇ.

ಏಪ್ರಿಲ್ ಬಿಸಿಲು ಎಲ್ಲರಿಗೂ ಪಾಠ ಕಲಿಸಿತು. ತಾರಸಿಯ ಕಾಂಕ್ರೀಟ್ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಹೂವು ಬಿಡುವುದು, ಉದುರುವುದು. ಹಳೇ ವಾಯಿಲ್ ಸೀರೆ ಎರಡು ಮಡಿಕೆ ಮಾಡಿ ನೆರಳು ಕಟ್ಟಿದ ಮೇಲೆ ಸ್ವಲ್ಪ ನಿಂತಿತು. ಅಷ್ಟರಲ್ಲಿ ಬಿಳಿ ನೊಣ ಬಂತು, ಅದರ ಹಿಂದೆಯೇ ಎಲೆ ಮುದುರು ರೋಗ. ಕಿಟ್ಟಿನ ಟೊಮೇಟೊ ಹೋಯಿತು. ಅತ್ತೆಯ ಹುಳಿ ಟೊಮೇಟೊ ಕೂಡ ಹೋಯಿತು, ಹಳೇ ಬೀಜ ಅಂತ ನೊಣ ಮರ್ಯಾದೆ ಕೊಡಲಿಲ್ಲ. ಆ ರೋಗವನ್ನು ತಡೆಯುವಂತೆಯೇ ಮಾಡಿದ ತಳಿ ಅರ್ಕಾ ರಕ್ಷಕ್. ಅದು ಪಕ್ಕದ ಬಕೆಟ್ಟಿನಲ್ಲೇ ಹಸಿರಾಗಿ ನಿಂತಿತ್ತು. ನಾಲ್ಕು ಗಿಡದಿಂದ ಜೂನ್ ಪೂರ್ತಿ ಹಣ್ಣು ಕಿತ್ತೆ. ಎರಡು ತಕರಾರು. ಅದು ಹೈಬ್ರಿಡ್, ಅದರ ಬೀಜ ಎತ್ತಿಟ್ಟು ಬಿತ್ತಿದರೆ ಮುಂದಿನ ಗಿಡ ಅದೇ ರೀತಿ ಬರುವುದಿಲ್ಲ, ಪ್ರತಿ ಸಲ ಕೊಳ್ಳಬೇಕು. ಮತ್ತೆ ಹಣ್ಣು ಗಟ್ಟಿ. ಸಾರಿಗೆ ನಾನು ಈಗಲೂ ಹುಣಸೆಹಣ್ಣು ಕಿವುಚುತ್ತಿದ್ದೇನೆ!

ಚೆರ್ರಿ ಮಾತ್ರ ರೋಗದ ನಡುವೆಯೂ ಗೊಂಚಲು ಗೊಂಚಲು ಬಿಟ್ಟಿತು. ಅಡುಗೆಮನೆಗೆ ಒಂದೂ ಬರಲಿಲ್ಲ, ಎಲ್ಲಾ ಮಗಳು ಮತ್ತು ಅವಳ ಗೆಳತಿಯರ ಪಾಲು. ಅತ್ತೆಯ ನಾಟಿ ಮೆಣಸಿನಕಾಯಿ ಮೂರು ಗಿಡ ಇನ್ನೂ ಬಿಡುತ್ತಲೇ ಇವೆ. ನಾಲ್ಕು ಕಾಯಿ ಸುಟ್ಟು, ಬೆಳ್ಳುಳ್ಳಿ ಜೀರಿಗೆ ಉಪ್ಪು ಹಾಕಿ ಅರೆದರೆ ಉಪ್ಪುಸಾರಿನ ಖಾರಕ್ಕೆ ಸಾಕು, ಮುದ್ದೆ ತಾನಾಗಿ ಇಳಿಯುತ್ತದೆ. ಕಿಟ್ಟಿನ ಚಿಲ್ಲಿ ಉದ್ದವಾಗಿ ಚೆಂದ ಇತ್ತು, ಬಜ್ಜಿಗೆ ಆಗುವಂಥದ್ದು, ಖಾರ ಇಲ್ಲ.

ಉಳಿದ ಒಂದೇ ಒಂದು ಕ್ಯಾಪ್ಸಿಕಂ ಗಿಡ ಮೂರು ಕಾಯಿ ಕೊಟ್ಟಿತು. ಎರಡನ್ನು ಹಸಿರಿದ್ದಾಗಲೇ ಪಲಾವಿಗೆ ಹಾಕಿದೆ. ಮೂರನೆಯದನ್ನು ಮಗಳು ಬಿಡಲಿಲ್ಲ, ಕಾದು ಕಾದು ಕೆಂಪು ಮಾಡಿಸಿದಳು. ಯಾವ ಪೊಟ್ಟಣದ್ದು ಅಂತ ಕಡ್ಡಿ ನೋಡಿದೆ. 'ಹಸಿರು' ಅಂತಿತ್ತು. ಅದರ ಬೀಜ ಎತ್ತಿಡೋಣ ಅಂದಳು, ಬೇಡ ಅಂದೆ. ಪಕ್ಕದಲ್ಲೇ ಅತ್ತೆಯ ಮೆಣಸಿನಕಾಯಿ ಹೂವಿತ್ತು. ಎರಡೂ ಒಂದೇ ಜಾತಿ, ಜೇನುಹುಳ ಪರಾಗ ಬೆರೆಸಿದ್ದರೆ ಈ ಕಾಯಿ ಸಪ್ಪೆಯೇ ಇರುತ್ತದೆ, ಆದರೆ ಅದರ ಬೀಜದಿಂದ ಬಂದ ಗಿಡದ ಕಾಯಿ ಖಾರವಾಗಬಹುದು.

ಅಂಕ ಕೇಳಿದರೆ ಐದಕ್ಕೆ ಎರಡು. ಎರಡೂ ಟ್ರೇಗೆ. 699 ಕೊಡುವ ಬದಲು ಊರಿನ ಬೀಜ ಗೊಬ್ಬರದ ಅಂಗಡಿಯಲ್ಲಿ ಟ್ರೇ, ಕೊಕೊಪೀಟ್ ತಗೊಂಡು, ತಾರೀಕು ಓದಿ ಬೀಜ ತಗೊಳ್ಳಿ. ಅಷ್ಟೂ ತಾಳ್ಮೆ ಇಲ್ಲದಿದ್ದರೆ ನರ್ಸರಿಗೆ ಹೋದರೆ ಚಿಲ್ಲರೆ ಕಾಸಿಗೆ ಹತ್ತು ಸಸಿ ಕೊಡುತ್ತಾರೆ. ಹಸಿರು ಬಾಟಲಿಯನ್ನು ಮರೆತೆ. ಸಣ್ಣಗೆ, ಒಂದೇ ಸಮ ಸಿಂಪಡಿಸುತ್ತದೆ, ಆರು ತಿಂಗಳಾದರೂ ಸೋರಿಲ್ಲ. ಈಗ ಅದು ತಾರಸಿಯಲ್ಲಿಲ್ಲ, ಕೆಳಗೆ ನನ್ನ ಇಸ್ತ್ರಿ ಮೇಜಿನ ಮೇಲಿದೆ.