ಬೀಗದ ಕೈ, ಸ್ಮಾರ್ಟ್ ಕೀ, ಫೋನು: ಮೂರನ್ನೂ ಬಳಸಿ ನೋಡಿದ್ದು

ನಮ್ಮ ಮನೆ ಬಾಗಿಲ ಪಕ್ಕದ ಮೊಳೆಯಲ್ಲಿ ಈಗ ಒಂದೇ ಒಂದು ಗಾಡಿ ಕೀ ನೇತಾಡುತ್ತದೆ. ಅದು ಅಪ್ಪನ 2003ರ ಹಳೇ ಕಾರಿನದು. ನಮ್ಮ ಕಾರಿನದು ಸ್ಮಾರ್ಟ್ ಕೀ. ಅದು ಯಾರದ್ದೋ ಜೇಬಿನಲ್ಲೋ ಬ್ಯಾಗಿನಲ್ಲೋ ಇರುತ್ತದೆ, ಹೊರಗೆ ತೆಗೆಯುವ ಕೆಲಸವೇ ಇಲ್ಲ. ಎಲೆಕ್ಟ್ರಿಕ್ ಸ್ಕೂಟರಿಗಂತೂ ಕೀ ಅನ್ನುವುದೇ ಇಲ್ಲ, ಫೋನೇ ಕೀ. ಎರಡು ವರ್ಷದಿಂದ ಮೂರನ್ನೂ ಓಡಿಸುತ್ತಿದ್ದೇನೆ. ತಂಗಿ ಹೊಸ ಕಾರು ಬುಕ್ ಮಾಡುವ ಮುಂಚೆ "ಅಕ್ಕ, ಯಾವ ಥರದ್ದು ವಾಸಿ?" ಅಂತ ಕೇಳಿದಳು. ಅವಳಿಗೆ ಮುಕ್ಕಾಲು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಎಲ್ಲ ಸರಿಯಿರುವ ದಿನ ಸ್ಮಾರ್ಟ್ ಕೀಗೆ ಎದುರೇ ಇಲ್ಲ. ದೇವರಾಜ ಮಾರ್ಕೆಟ್ಟಿನಿಂದ ಬರುವಾಗ ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಎಲೆಯಲ್ಲಿ ಕಟ್ಟಿಸಿದ ಮಲ್ಲಿಗೆ, ಕಂಕುಳಲ್ಲಿ ಛತ್ರಿ. ಬಾಗಿಲ ಹಿಡಿಕೆಗೆ ಒಂದು ಬೆರಳು ತಾಗಿಸಿದರೆ ಸಾಕು. ಅಪ್ಪನ ಕಾರಾದರೆ ಚೀಲ ನೆಲಕ್ಕಿಡಬೇಕು, ಈರುಳ್ಳಿ ಉರುಳುತ್ತದೆ, ಪರ್ಸಿನ ತಳದಲ್ಲಿ ಕೀ ತಡಕಬೇಕು. ಸ್ಕೂಟರು ಕೊಡುವಾಗ "ನೀವು ಹತ್ತಿರ ಬಂದರೆ ಸಾಕು ಮೇಡಂ, ತಾನೇ ಓಪನ್ ಆಗುತ್ತೆ" ಅಂದಿದ್ದರು. ಹತ್ತರಲ್ಲಿ ಏಳು ಸಲ ಆಗುತ್ತದೆ. ಉಳಿದ ಮೂರು ಸಲ ಫೋನ್ ತೆಗೆದು, ಆ್ಯಪ್ ತೆರೆದು, ಪರದೆಯ ಮೇಲೆ ಚಕ್ರ ಸುತ್ತುವುದನ್ನು ನೋಡುತ್ತಾ ಬಿಸಿಲಲ್ಲಿ ನಿಲ್ಲಬೇಕು. ಚಾರ್ಜ್ ಉಳಿಸಲು ಫೋನು ಹಿಂದೆ ಓಡುವ ಆ್ಯಪ್‌ಗಳನ್ನು ಮಲಗಿಸಿಬಿಡುತ್ತದಂತೆ. ಬ್ಯಾಟರಿ ಸೆಟ್ಟಿಂಗಿಗೆ ಹೋಗಿ ಈ ಆ್ಯಪನ್ನು ಮುಟ್ಟಬೇಡ ಅಂತ ಹೇಳಿದ ಮೇಲೆ ಏಳು ಒಂಬತ್ತಾಯಿತು. ಮುಂದಿನ ಅಪ್ಡೇಟ್ ಬಂದಾಗ ಮತ್ತೆ ಏಳು.

ಸ್ಮಾರ್ಟ್ ಕೀ ಅಷ್ಟು ಸಲೀಸಾಗಿ ಕೆಲಸ ಮಾಡುವುದಕ್ಕೆ ಕಾರಣ ಅದಕ್ಕೆ ಅದೊಂದೇ ಕೆಲಸ. ಹಿಡಿಕೆ ಮುಟ್ಟಿದ ತಕ್ಷಣ ಕಾರು 125 ಕಿಲೋಹರ್ಟ್ಸ್‌ನ ಸುತ್ತಮುತ್ತ ಒಂದು ಸಣ್ಣ ಕೂಗು ಹಾಕುತ್ತದೆ. ಅದು ಒಂದೂವರೆ ಮೀಟರಿನಾಚೆ ಅಷ್ಟಾಗಿ ಕೇಳಿಸದು. ಜೇಬಿನಲ್ಲಿರುವ ಕೀ ಅದನ್ನು ಕೇಳಿ ಎದ್ದು, ಬೇರೆ ರೇಡಿಯೋ ಅಲೆಯಲ್ಲಿ "ಇದ್ದೀನಿ" ಅನ್ನುತ್ತದೆ. ಫೋನಿನ ಹಾಗೆ ವಾಟ್ಸ್ಆ್ಯಪ್, ಕ್ಯಾಮೆರಾ, ಮಗನ ಗೇಮು ಎಲ್ಲವನ್ನೂ ನೋಡಿಕೊಂಡು ಇದನ್ನೂ ನೋಡಿಕೊಳ್ಳುವ ಪಾಡು ಅದಕ್ಕಿಲ್ಲ.

ಆದರೆ ಸ್ಮಾರ್ಟ್ ಕೀಯ ಕಿರಿಕಿರಿಯೇ ಬೇರೆ ಜಾತಿ. ಕಾರು ಲಾಕ್ ಮಾಡಿ ನಾಲ್ಕು ಹೆಜ್ಜೆ ಹೋದ ಮೇಲೆ, ಲಾಕ್ ಆಗಿದೆಯಾ ಅಂತ ಅನುಮಾನ. ವಾಪಸ್ ಬಂದು ಹಿಡಿಕೆ ಎಳೆದು ನೋಡುತ್ತೀರಿ. ಕೀ ನಿಮ್ಮ ಹತ್ತಿರವೇ ಇದೆಯಲ್ಲ, ಬಾಗಿಲು ತೆರೆದುಕೊಳ್ಳುತ್ತದೆ! ಮತ್ತೆ ಲಾಕ್, ಮತ್ತೆ ಅನುಮಾನ. ನಮ್ಮ ಯಜಮಾನರು ಇದಕ್ಕೊಂದು ಉಪಾಯ ಹುಡುಕಿದ್ದಾರೆ. ಕೀ ನನ್ನ ಕೈಗೆ ಕೊಟ್ಟು, ನನ್ನನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ, ತಾವು ಹೋಗಿ ಎಳೆದು ನೋಡುತ್ತಾರೆ. ಭಾನುವಾರ ಕೀ ಜೇಬಿನಲ್ಲಿಟ್ಟುಕೊಂಡೇ ಕಾರು ತೊಳೆಯಲು ನಿಂತರೆ ಇನ್ನೊಂದು ತಮಾಷೆ. ಹಿಡಿಕೆಗೆ ಬಿದ್ದ ನೀರನ್ನು ಅದು ಬೆರಳು ಅಂದುಕೊಂಡು ಲಾಕ್, ಅನ್‌ಲಾಕ್, ಲಾಕ್ ಅಂತ ಆಡುತ್ತದೆ. ಎರಡೂ ಕಡೆಯ ಕನ್ನಡಿಗಳು ಮುಚ್ಚಿ ತೆರೆದು ಮುಚ್ಚಿ, ಆನೆ ಕಿವಿ ಬೀಸಿದ ಹಾಗೆ.

ಇದೆಲ್ಲ ನಗುವ ವಿಷಯ. ನಗಲಾಗದ್ದೂ ಒಂದಿದೆ. ಒಂದು ಬೆಳಿಗ್ಗೆ ಇವರನ್ನು ಮೈಸೂರು ಸ್ಟೇಷನ್ನಿಗೆ ಬಿಡಲು ಹೋಗಿದ್ದೆವು. ಅಲ್ಲಿಯವರೆಗೆ ಇವರೇ ಓಡಿಸಿದರು. ರೈಲಿಗೆ ಹೊತ್ತಾಗಿತ್ತು. ಎಂಜಿನ್ ಆಫ್ ಮಾಡದೆ ಇಳಿದು ಓಡಿದರು, ನಾನು ಈ ಕಡೆ ಸೀಟಿಗೆ ಬಂದು ಹೊರಟೆ. ಡ್ಯಾಶ್‌ಬೋರ್ಡು ಕುಯ್ ಕುಯ್ ಅಂತಿತ್ತು. ಸೀಟ್ ಬೆಲ್ಟ್ ಇರಬೇಕು ಅಂತ ಹಾಕಿಕೊಂಡೆ, ಸದ್ದೂ ನಿಂತಿತು. ಒಂಟಿಕೊಪ್ಪಲಿನ ಪೆಟ್ರೋಲ್ ಬಂಕಿನಲ್ಲಿ ಎಂಜಿನ್ ಆಫ್ ಮಾಡಿದೆ. ಪೆಟ್ರೋಲ್ ಹಾಕಿಸಿ ಬಟನ್ ಒತ್ತಿದೆ. ಏನೂ ಇಲ್ಲ. ಇನ್ನೊಂದು ಸಲ ಒತ್ತಿದೆ. ಕೀ ಸಿಗುತ್ತಿಲ್ಲ ಅಂತ ಪರದೆಯ ಮೇಲೆ ಬಂತು. ಹಿಂದೆ ಆರು ಗಾಡಿ, ಎಲ್ಲರ ಹಾರನ್ನು.

ಫೋನ್ ಮಾಡಿದೆ. "ರೀ, ಕೀ ಎಲ್ಲಿ?"

ಆ ಕಡೆ ರೈಲಿನ ಸದ್ದು ಬಿಟ್ಟರೆ ಮಾತಿಲ್ಲ. ಆಮೇಲೆ ಮೆಲ್ಲಗೆ, "ಜೇಬಲ್ಲೇ ಇದೆ ಕಣೇ."

ರೈಲು ಆಗಲೇ ಶ್ರೀರಂಗಪಟ್ಟಣ ದಾಟಿತ್ತು. ಓಡುತ್ತಿರುವ ಕಾರನ್ನು ಕೀ ಕಾಣದ ಮಾತ್ರಕ್ಕೆ ನಡುರಸ್ತೆಯಲ್ಲಿ ನಿಲ್ಲಿಸಿಬಿಟ್ಟರೆ ಅಪಾಯ, ಹಾಗಾಗಿ ಅದು ಸುಮ್ನೆ ಕೂಗುತ್ತದೆ ಅಷ್ಟೆ. ಯೋಚನೆ ಸರಿಯೇ. ಆದರೆ ಬೆಲ್ಟಿಗೂ ಇದಕ್ಕೂ ಒಂದೇ ರಾಗ ಇಟ್ಟವರಿಗೆ ಏನು ಹೇಳೋಣ? ಬಂಕಿನ ಹುಡುಗರು ನ್ಯೂಟ್ರಲ್ ಮಾಡಿಸಿ ತಳ್ಳಿದರು. ಸ್ಟೇರಿಂಗ್ ಲಾಕ್ ಆಗಿದ್ದರಿಂದ ನೇರ ಮುಂದಕ್ಕೆ ಮಾತ್ರ, ಗಾಳಿ ಹಿಡಿಯುವ ಜಾಗಕ್ಕೆ ಅಡ್ಡವಾಗಿ ನಿಂತಿತು. ಮುಕ್ಕಾಲು ಗಂಟೆ ಆದ ಮೇಲೆ ಅತ್ತೆ ಆಟೋದಲ್ಲಿ ಬಂದರು, ಸ್ಪೇರ್ ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು. "ನಮ್ಮ ಕಾಲದಲ್ಲಿ ಕೀ ಬಿಟ್ಟು ಗಾಡಿ ಹೊರಡ್ತಾನೇ ಇರಲಿಲ್ಲ" ಅಂದರು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಅಪ್ಪನ ಕೀಯನ್ನೂ ಹೊಗಳಿ ಅಟ್ಟಕ್ಕೇರಿಸಲಾರೆ. ಇಪ್ಪತ್ತು ವರ್ಷ ತಿರುಗಿಸಿ ತಿರುಗಿಸಿ ಅದರ ಹಲ್ಲು ಎಷ್ಟು ಸವೆದಿದೆ ಅಂದರೆ, ಎಂಜಿನ್ ಓಡುತ್ತಿರುವಾಗಲೇ ಕೀಯನ್ನು ಈಚೆಗೆ ಎಳೆಯಬಹುದು. ಒಂದು ಸಲ ಒಳಗೇ ಬಿಟ್ಟು ಬಾಗಿಲು ಹಾಕಿಕೊಂಡೆ. ಮೆಕ್ಯಾನಿಕ್ ಬಂದು ಗಾಜಿನ ಪಕ್ಕದ ರಬ್ಬರಿನೊಳಗೆ ಸ್ಟೀಲ್ ಸ್ಕೇಲ್ ತೂರಿಸಿ ಎರಡು ನಿಮಿಷದಲ್ಲಿ ತೆಗೆದ. ಖುಷಿಯಾಯಿತು. ಮನೆಗೆ ಬಂದ ಮೇಲೆ ಯೋಚನೆಯೂ ಆಯಿತು. ಸ್ಮಾರ್ಟ್ ಕೀ ಈ ವಿಷಯದಲ್ಲಿ ಜಾಣ. ಡಿಕ್ಕಿಯಲ್ಲಿಟ್ಟ ಬ್ಯಾಗಿನಲ್ಲಿ ಅದು ಉಳಿದಾಗ ಕಾರು ಕೂಗಿ ಲಾಕ್ ಆಗಲು ಒಪ್ಪಲೇ ಇಲ್ಲ.

ಕೈ ಕೊಟ್ಟ ದಿನ ಏನಾಗುತ್ತದೆ ಅನ್ನುವುದರಲ್ಲೇ ನಿಜವಾದ ವ್ಯತ್ಯಾಸ ಇರುವುದು. ನಂಜನಗೂಡು ದೇವಸ್ಥಾನದಿಂದ ಒಂದು ಸಂಜೆ ಹೊರಗೆ ಬಂದೆವು, ಹಿಡಿಕೆ ಮುಟ್ಟಿದರೆ ಕಾರು ಉಸಿರಾಡಲಿಲ್ಲ. ಕೀ ಬ್ಯಾಟರಿ ಮುಗಿದಿತ್ತು. ಮೂರು ವಾರದಿಂದ ಪರದೆಯ ಮೇಲೆ ಎಚ್ಚರಿಕೆ ಬರುತ್ತಲೇ ಇತ್ತು, ನಾವೇ ಅಸಡ್ಡೆ ಮಾಡಿದ್ದೆವು. ಕೀಯ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಗುಂಡಿ. ಅದನ್ನು ಒತ್ತಿ ಹಿಡಿದು ಎಳೆದರೆ ಒಳಗಿಂದ ಒಂದು ಚಪ್ಪಟೆ ಲೋಹದ ಕೀ ಬರುತ್ತದೆ. ಸರಿ, ಅದನ್ನು ಹಾಕುವುದೆಲ್ಲಿ? ಬಾಗಿಲಲ್ಲಿ ತೂತೇ ಕಾಣುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿ ಮಂಡಿಯೂರಿ ನೋಡಿದರೆ, ಹಿಡಿಕೆಯ ಕೊನೆಯ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಒಂದು ಸೀಳು. ಕೀ ತುದಿಯಿಂದ ಮೀಟಿದರೆ ಮುಚ್ಚಳ ಕಿತ್ತು ಬಂತು, ಒಳಗೆ ತೂತು ಸಿಕ್ಕಿತು. ತಿರುಗಿಸಿ ಬಾಗಿಲು ತೆಗೆದೆವು. ಅಲಾರಂ ಹೊಡೆಯಲು ಶುರುವಾಯಿತು! ಹೂವು ಮಾರುವವರೆಲ್ಲ ನಮ್ಮನ್ನೇ ನೋಡುತ್ತಿದ್ದಾರೆ.

ಇಲ್ಲಿಂದ ಮುಂದಿನದು ಗೊತ್ತಿದ್ದರೆ ಸುಲಭ. ಸತ್ತ ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು ಒತ್ತಬೇಕು. ಕೀ ಒಳಗಿರುವ ಪುಟ್ಟ ಚಿಪ್ಪಿಗೆ ಬ್ಯಾಟರಿ ಬೇಡ, ಕಾರಿನಿಂದ ಬರುವ ಅಲೆಯಿಂದಲೇ ಅದಕ್ಕೆ ಬೇಕಾದ ಕರೆಂಟು ಹುಟ್ಟುತ್ತದೆ. ಕಾರು ಸ್ಟಾರ್ಟ್ ಆಯಿತು, ಅಲಾರಂ ನಿಂತಿತು. ಮಾರನೇ ದಿನ ವಾಚ್ ಅಂಗಡಿಯಲ್ಲಿ ಸಿಆರ್2032 ಸೆಲ್ ತಂದೆ. ಆ ಅಂಕಿಯಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಕೀಯನ್ನು ಕಾರಿನ ಪಕ್ಕದಲ್ಲೇ ಇಡುವುದು ಒಳ್ಳೆಯದಲ್ಲ. ಕಾರು, ಕೀ ಇಬ್ಬರೂ ಸುಮ್ಮನೆ ಮಾತಾಡಿಕೊಂಡು ಸೆಲ್ ಬೇಗ ಮುಗಿಯಬಹುದು. ನಮ್ಮದು ಗೇಟಿಗೆ ಅಂಟಿಕೊಂಡ ಕಿಟಕಿಯ ಮೇಲೆ ಇರುತ್ತಿತ್ತು.

ಅಂದರೆ ಸ್ಮಾರ್ಟ್ ಕೀ ಕೈ ಕೊಟ್ಟಾಗ ಅದರ ಹೊಟ್ಟೆಯಲ್ಲಿ ಹಳೇ ಕೀ ಇತ್ತು. ಸ್ಕೂಟರು ಕೈ ಕೊಟ್ಟಾಗ?

ಮಾಲ್ ಒಂದರ ಎರಡನೇ ಬೇಸ್‌ಮೆಂಟು. ಆ್ಯಪ್ ತಾನೇ ಲಾಗ್‌ಔಟ್ ಆಗಿ ಕೂತಿತ್ತು. ಒಳಗೆ ಹೋಗಲು ಒಟಿಪಿ ಬೇಕು, ಒಟಿಪಿಗೆ ನೆಟ್‌ವರ್ಕ್ ಬೇಕು, ನೆಟ್‌ವರ್ಕ್ ಇರುವುದು ಮೇಲೆ. ಸ್ಕೂಟರಿನ ಪರದೆಯ ಮೇಲೆ ಪಿನ್ ಒತ್ತಿದರೂ ತೆರೆಯುತ್ತದೆ ನಿಜ. ಆ ಪಿನ್ ಇಟ್ಟವರು ಇವರು. ಕೇಳೋಣ ಅಂದರೆ ಫೋನ್ ಹೋಗುವುದಿಲ್ಲ. ರ‍್ಯಾಂಪ್ ಹತ್ತಿ ಮೇಲೆ ಬಂದು ಲಾಗಿನ್ ಆಗಿ ಕೆಳಗಿಳಿದೆ. ಗಾಡಿಗೆ ಜೋಡಿಸಲು ಆ್ಯಪ್ ಮತ್ತೆ ನೆಟ್ ಕೇಳಿತು. ಮತ್ತೆ ಮೇಲೆ ಹತ್ತಿ, ಇವರಿಗೆ ಫೋನ್ ಮಾಡಿ, ಪಿನ್ ಕೇಳಿ, ಅಂಗೈ ಮೇಲೆ ಬರೆದುಕೊಂಡು ಇಳಿದೆ. ಸೆಕ್ಯುರಿಟಿಯವರು "ಏನಮ್ಮ, ವಾಕಿಂಗಾ?" ಅಂದರು. ಮಳೆಯಲ್ಲಿ ಪಿನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ. ಪರದೆ ಮೇಲೆ ಬಿದ್ದ ಹನಿಗಳು ನನಗಿಂತ ಮುಂಚೆ ತಾವೇ ಅಂಕಿ ಒತ್ತಿರುತ್ತವೆ.

ಇನ್ನೊಂದು ಸಲ ಹತ್ತು ದಿನ ಊರಿಗೆ ಹೋಗಿ ಬಂದರೆ ಸ್ಕೂಟರಿನ ಪರದೆ ಪೂರ್ತಿ ಕಪ್ಪು. ಹೋಗುವಾಗ ಚಾರ್ಜ್ 70 ಇತ್ತು. ಅಪ್ಪ ನಂಬಲೇ ಇಲ್ಲ, "ಅಷ್ಟು ದೊಡ್ಡ ಬ್ಯಾಟರಿ ಇಟ್ಕೊಂಡು ಸೀಟು ತೆಗೆಯೋಕಾಗಲ್ವಾ?" ಮೋಟಾರು ತಿರುಗಿಸುವ ಬ್ಯಾಟರಿ ಬೇರೆ, ಪರದೆ ಮತ್ತು ಲಾಕಿಗೆ ಇರುವ 12 ವೋಲ್ಟಿನ ಚಿಕ್ಕ ಬ್ಯಾಟರಿ ಬೇರೆ. ಚಿಕ್ಕದು ಮಲಗಿದರೆ ದೊಡ್ಡದು ತುಂಬಿದ್ದರೂ ಪ್ರಯೋಜನವಿಲ್ಲ. ಹೆಚ್ಚಿನ ಎಲೆಕ್ಟ್ರಿಕ್ ಕಾರುಗಳಲ್ಲೂ ಬಾಗಿಲಿನ ಲಾಕಿಗೆ ಆ 12 ವೋಲ್ಟೇ ಗತಿ. ನನ್ನ ಹೆಲ್ಮೆಟ್ಟು, ಇನ್ಶೂರೆನ್ಸ್ ಕಾಗದ ಎಲ್ಲ ಸೀಟಿನ ಕೆಳಗೆ ಬಂಧಿ. ಮೆಕ್ಯಾನಿಕ್ ಹೊರಗಿಂದ ಕರೆಂಟು ಕೊಟ್ಟು ತೆಗೆಯುವ ಹೊತ್ತಿಗೆ ಮಾರನೇ ದಿನದ ಮಧ್ಯಾಹ್ನ.

ದುಬಾರಿ ಗಾಡಿಗಳಿಗೂ ಇದು ತಪ್ಪಿದ್ದಲ್ಲ. 2021ರ ನವೆಂಬರಿನಲ್ಲಿ ಟೆಸ್ಲಾದ ಸರ್ವರ್ ಕೆಲವು ಗಂಟೆ ಕೆಟ್ಟು, ಬೇರೆ ಬೇರೆ ದೇಶಗಳಲ್ಲಿ ಆ್ಯಪ್ ನಂಬಿದ್ದ ಎಷ್ಟೋ ಜನ ಕಾರಿನ ಹೊರಗೇ ನಿಲ್ಲಬೇಕಾಯಿತು. ಎಲಾನ್ ಮಸ್ಕ್ ಕ್ಷಮೆ ಕೇಳಿದರು. ಪರ್ಸಿನಲ್ಲಿ ಕೀ ಕಾರ್ಡ್ ಇಟ್ಟುಕೊಂಡವರಿಗೆ ಏನೂ ಆಗಲಿಲ್ಲ. ಹೀಗೆ ತಾಗಿಸಿ ತೆಗೆಯುವ ಎನ್‌ಎಫ್‌ಸಿ ಕಾರ್ಡು ನನಗೆ ಇಷ್ಟ. ಅದಕ್ಕೆ ನೆಟ್ಟೂ ಬೇಡ, ಸೆಲ್ಲೂ ಬೇಡ. ಕೆಲವು ಐಫೋನುಗಳಲ್ಲಿ ಫೋನು ಆಫ್ ಆದ ಮೇಲೂ ಐದು ಗಂಟೆವರೆಗೆ ಕಾರ್ ಕೀ ಕೆಲಸ ಮಾಡಬಹುದು. ನನ್ನ ಫೋನಿಗೆ ಆ ಯೋಗ ಇಲ್ಲ.

ಇನ್ನು ಬೇರೆಯವರ ಕೈಗೆ ಕೊಡುವ ಮಾತು. ಮದುವೆ ಛತ್ರದ ಮುಂದೆ ಪಾರ್ಕಿಂಗ್ ಹುಡುಗ ಕೈ ಚಾಚಿದರೆ ಕೀ ಕೊಡಬಹುದು, ಫೋನ್ ಕೊಡಲಾದೀತೇ? ಅಪ್ಪ ಸ್ಕೂಟರ್ ಓಡಿಸಬೇಕೆಂದರೆ ಅವರ ಹೆಸರಲ್ಲಿ ಆ್ಯಪ್ ಹಾಕಿ, ನಾನು ಅನುಮತಿ ಕಳಿಸಬೇಕು. ಅವರದು ಗುಂಡಿಯ ಫೋನು. ಧರ್ಮಸ್ಥಳಕ್ಕೆ ಹೋದರೆ ಗಂಡಸರು ಅಂಗಿ ತೆಗೆದು ದರ್ಶನಕ್ಕೆ ನಿಲ್ಲಬೇಕು, ಪಂಚೆಗೆ ಜೇಬಿಲ್ಲ. ಅಪ್ಪ ತಮ್ಮ ಕೀಯನ್ನು ಉಡುದಾರಕ್ಕೆ ಸಿಕ್ಕಿಸಿಕೊಂಡು ಸಲೀಸಾಗಿ ನಡೆದರು. ಇವರು ಸ್ಮಾರ್ಟ್ ಕೀಯನ್ನು ಸೊಂಟಕ್ಕೆ ಸಿಕ್ಕಿಸಿ, ಜಾರುತ್ತಾ ಅಂತ ಸಾಲಿನುದ್ದಕ್ಕೂ ಒಂದು ಕೈ ಹೊಟ್ಟೆಯ ಮೇಲೇ ಇಟ್ಟುಕೊಂಡಿದ್ದರು.

ಕಳ್ಳರ ವಿಷಯಕ್ಕೆ ಬಂದರೆ ಮೂರೂ ಅಷ್ಟಕ್ಕಷ್ಟೇ. ಅಪ್ಪನ ಕಾರಿಗೆ ಸ್ಕೇಲ್ ಸಾಕು. ಸ್ಮಾರ್ಟ್ ಕೀಗೆ ಇಬ್ಬರು ಬೇಕು. ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆ ಬಾಗಿಲ ಬಳಿ ಪೆಟ್ಟಿಗೆ ಹಿಡಿದು ನಿಂತು, ಕಾರಿನ ಕೂಗನ್ನು ಒಳಗಿರುವ ಕೀಗೆ ದಾಟಿಸುತ್ತಾರೆ. 2011ರಲ್ಲೇ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು 8 ಕಂಪನಿಗಳ 10 ಮಾದರಿಗಳ ಮೇಲೆ ಇದನ್ನು ಮಾಡಿ ತೋರಿಸಿದ್ದರು. ಬ್ಲೂಟೂತ್ ಫೋನನ್ನೂ ಹೀಗೆ ಏಮಾರಿಸಬಹುದು ಅಂತ 2022ರಲ್ಲಿ ಗೊತ್ತಾಯಿತು. ಯುಡಬ್ಲ್ಯುಬಿ ಅನ್ನುವ ಹೊಸ ಬಗೆಯ ರೇಡಿಯೋ ಇರುವ ಕೀಗಳು ಅಲೆ ಹೋಗಿ ಬರುವ ಹೊತ್ತನ್ನೇ ಅಳೆಯುತ್ತವೆ. ಒಂದು ನ್ಯಾನೋಸೆಕೆಂಡಿಗೆ ಅಲೆ ಹೋಗುವುದು 30 ಸೆಂಟಿಮೀಟರ್, ಹಾಗಾಗಿ ದೂರದಿಂದ ದಾಟಿಸಿ ತಂದರೆ ಸಿಕ್ಕಿಬೀಳುತ್ತದೆ.

ಡೂಪ್ಲಿಕೇಟ್ ಖರ್ಚು ಹೇಳಿಬಿಡುತ್ತೇನೆ. ಅಪ್ಪನದು ರಸ್ತೆಬದಿಯ ಬೀಗದವನ ಹತ್ತಿರ 120 ರೂಪಾಯಿ. ಸ್ಮಾರ್ಟ್ ಕೀಗೆ ನಮಗೆ ಹೇಳಿದ್ದು 12,000. ಫೋನ್ ಕೀಗೆ ಖರ್ಚೇ ಇಲ್ಲ, ಹೊಸ ಫೋನ್ ತಗೊಂಡ ದಿನ ಒಂದು ಸಂಜೆ ಹಾಳಾಗುತ್ತದೆ ಅಷ್ಟೆ.

ತಂಗಿಗೆ ಹೇಳಿದ್ದು ಇಷ್ಟು. ಸ್ಮಾರ್ಟ್ ಕೀ ತಗೋ, ಒಳಗೆ ಲೋಹದ ಕೀ ಇದೆಯಾ, ಅದರ ತೂತು ಎಲ್ಲಿದೆ ಅಂತ ಶೋರೂಮಿನಲ್ಲೇ ತೆಗೆಸಿ ನೋಡು. ಫೋನ್ ಕೀ ಜೊತೆಗಿದ್ದರೆ ಇರಲಿ, ಅದೊಂದೇ ಇದ್ದರೆ ಬೇಡ. ಕಳ್ಳರು ದಾಟಿಸುವ ಕೂಗು ಕೀಗೆ ಮುಟ್ಟದ ಹಾಗೆ ರಾತ್ರಿ ಅದನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡು. ನಾನು ಡಬ್ಬಿ ಹಿಡಿದು ಕಾರಿನ ಪಕ್ಕ ನಿಂತು ನೋಡಿದ್ದೇನೆ. ಮುಚ್ಚಳ ಸಡಿಲ ಇದ್ದಾಗ ಬಾಗಿಲು ತೆರೆಯಿತು, ಅದುಮಿ ಮುಚ್ಚಿದಾಗ ತೆರೆಯಲಿಲ್ಲ.

ಆ ಡಬ್ಬಿಗೆ ನಮ್ಮಲ್ಲಿ ಅಡುಗೆಮನೆಯ ಗೂಡಿನಲ್ಲಿ ಜಾಗ ಸಿಕ್ಕಿತು. ಬೆಳಿಗ್ಗೆ ಐದೂವರೆಗೆ ಕತ್ತಲಲ್ಲಿ ಅತ್ತೆ ಕಾಫಿಪುಡಿ ಅಂತ ಅದನ್ನೇ ತೆಗೆದು ಚಮಚ ಹಾಕಿದರಂತೆ. ಅಂಗಳದಲ್ಲಿ ಕಾರು ಒಂದು ಸಲ ಕೀಂಯ್ ಅಂದಿತು.