ಊರು ಬಿಡಲಾರದ ಹುಡುಗರು: ಮೂರು ಡ್ಯಾನಿಶ್ ಸಿನಿಮಾಗಳಲ್ಲಿ ಯಾವುದು ಮೊದಲು?

ಕೆಲಸ ಇಲ್ಲ, ಇದ್ದರೂ ಮನಸ್ಸಿಲ್ಲ, ಊರು ಬಿಡೋಣ ಅಂದರೆ ಕಾಲೇ ಏಳಲ್ಲ. ಇಂಥ ಹುಡುಗರ ಕತೆ ಹುಡುಕಿಕೊಂಡು ಮೂರು ಡ್ಯಾನಿಶ್ ಸಿನಿಮಾಗಳನ್ನು ಒಂದರ ಹಿಂದೊಂದು ನೋಡಿದೆ. ಮೂರೂ ಕಣ್ಣಿಗೆ ಕಂಡಂತೆ ತೆಗೆದವು, ಥಳುಕು ಕಮ್ಮಿ. ಆದರೂ ಮೂರರ ದಾರಿಯೂ ಬೇರೆ.

‘ನಾರ್ಡ್‌ಕ್ರಾಫ್ಟ್’ (2005) ಡೆನ್ಮಾರ್ಕಿನ ಉತ್ತರದ ಆಲ್‌ಬೋರ್ಗ್ ನಗರದ್ದು. ಯಾಕೋಬ್ ಎಯರ್ಸ್‌ಬೊ 2002ರಲ್ಲಿ ಬರೆದ ಕಾದಂಬರಿಯನ್ನು ಊಲೆ ಕ್ರಿಶ್ಚಿಯನ್ ಮ್ಯಾಡ್ಸನ್ ಸಿನಿಮಾ ಮಾಡಿದ್ದಾರೆ. ಹೆಸರು ಅಲ್ಲಿನ ಹಳೆಯ ವಿದ್ಯುತ್ ಸ್ಥಾವರದ್ದು. ಸ್ಥಾವರ ಮುಚ್ಚಿ, ಆ ಕಟ್ಟಡ ಈಗ ಸಂಸ್ಕೃತಿ ಕೇಂದ್ರವಾಗಿದೆ, ಒಳಗೊಂದು ಚಿತ್ರಮಂದಿರವೂ ಇದೆ! ಪ್ರಿಯಕರನ ದಂಧೆಗಾಗಿ ಹಶೀಶ್ ಎಂಬ ಮಾದಕವಸ್ತು ಸಾಗಿಸುವ ಮಾರಿಯಾ, ಹಡಗಿನ ಕೆಲಸ ಬಿಟ್ಟು ಊರಿಗೆ ಮರಳಿದ ಅಲನ್, ಓದಿಕೊಂಡಿರುವ ಆದರೆ ನಶೆಯಲ್ಲೇ ಮುಳುಗಿರುವ ಸ್ಟೆಸೊ. ಸ್ಟೆಸೊ ಆಗಿ ಥೂರೆ ಲಿಂಡ್‌ಹಾರ್ಟ್ ತೆರೆ ಮೇಲೆ ಬಂದಾಗಲೆಲ್ಲ ಉಳಿದವರು ಮಂಕಾಗುತ್ತಾರೆ. ತೊಂದರೆ ಏನಂದರೆ, ಇಲ್ಲಿ ಯಾವಾಗಲೂ ಏನಾದರೊಂದು ನಡೆಯುತ್ತಲೇ ಇರುತ್ತದೆ. ಒಬ್ಬರ ಪಾಡು ಮನಸ್ಸಿಗೆ ಇಳಿಯುವಷ್ಟರಲ್ಲಿ ಇನ್ನೊಬ್ಬರದು ಶುರು. ಹೊತ್ತು ಹೋಗದ ಬೇಸರ ಗೊತ್ತಾಗೋದಾದರೂ ಹೇಗೆ?

ಮೈಕಲ್ ನೊಯರ್ ಅವರ ‘ನಾರ್ಡ್‌ವೆಸ್ಟ್’ (2013) ಕಸುಬಿನಲ್ಲಿ ಇದಕ್ಕಿಂತ ಬಿಗಿ. ಮನೆಗಳ್ಳತನ ಮಾಡುವ ಕ್ಯಾಸ್ಪರ್, ಅವನ ತಮ್ಮ ಆಂಡಿ. ಈ ಪಾತ್ರಗಳನ್ನು ಮಾಡಿದವರು ನಿಜವಾದ ಅಣ್ಣತಮ್ಮಂದಿರೇ, ವೃತ್ತಿನಟರಲ್ಲ. ಅವರ ಜಗಳ, ಸಲಿಗೆ ಎರಡರಲ್ಲೂ ನಟನೆ ಅನ್ನೋದೇ ಕಾಣಲ್ಲ. ಆದರೆ ಇದು ಕೋಪನ್‌ಹೇಗನ್ನಿನ ಒಂದು ಬಡಾವಣೆ, ರಾಜಧಾನಿಯ ಗ್ಯಾಂಗ್ ಕತೆ. ಕ್ಯಾಸ್ಪರ್‌ಗೆ ಬೇಸರಪಡೋಕೂ ಪುರುಸೊತ್ತಿಲ್ಲ.

ನನ್ನ ಮಟ್ಟಿಗೆ ಗೆದ್ದಿದ್ದು ಫ್ರೆಡರಿಕೆ ಆಸ್ಪೊಕ್ ಅವರ ‘ರೊಸಿತಾ’ (2015). ಡೆನ್ಮಾರ್ಕಿನ ಉತ್ತರ ಜಟ್‌ಲ್ಯಾಂಡ್ ಪ್ರದೇಶದ ಒಂದು ಮೀನುಗಾರರ ಊರು. ಹೆಂಡತಿ ತೀರಿಕೊಂಡ ಅಪ್ಪ, ಊರಿನ ಇತರ ಗಂಡಸರ ಹಾಗೆ, ಫಿಲಿಪೀನ್ಸ್‌ನಿಂದ ಒಬ್ಬ ಯುವತಿಯನ್ನು ಕರೆಸಿಕೊಳ್ಳುತ್ತಾನೆ. ಅಪ್ಪನಿಗೂ ಅವಳಿಗೂ ಮಾತು ಅರ್ಥವಾಗದು. ಹಾಗಾಗಿ ಅಪ್ಪನ ಪ್ರೇಮದ ಮಾತುಗಳನ್ನು ಬೆಳೆದ ಮಗ ಯೊಹಾನೆಸ್ ಅವಳಿಗೆ ಅನುವಾದಿಸಿ ಹೇಳಬೇಕು! ಮೊದಮೊದಲು ಅವನಿಗೆ ಇದು ಬೇಡದ ಉಸಾಬರಿ. ಬರ್ತಾ ಬರ್ತಾ ಅವನಿಗೂ ರೊಸಿತಾಗೂ ನಡುವೆ ಸೆಳೆತ ಬೆಳೆಯುತ್ತದೆ. ಹೊಡೆದಾಟ, ಪೊಲೀಸರ ಹಂಗೇ ಬೇಕಿಲ್ಲ, ಒಂದೇ ಮನೆಯ ಮೂವರು ಸಾಕು. ಈ ಮಗನಾಗಿ ಮಿಕೆಲ್ ಬೊ ಫೋಲ್ಸ್‌ಗಾರ್ಡ್ ಇದ್ದಾರೆ. ‘ಎ ರಾಯಲ್ ಅಫೇರ್’ ಸಿನಿಮಾದ ಹುಚ್ಚು ರಾಜನ ಪಾತ್ರಕ್ಕೆ 2012ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ‘ಬೆಳ್ಳಿ ಕರಡಿ’ ಪ್ರಶಸ್ತಿ ಗೆದ್ದವರು ಇವರೇ. ಅಲ್ಲಿ ಅಬ್ಬರ, ಇಲ್ಲಿ ಮಾತು ನುಂಗಿಕೊಂಡೇ ಓಡಾಡುತ್ತಾರೆ. ಅದು ಇನ್ನೂ ಕಷ್ಟ, ಅಲ್ವಾ?

ಒಂದು ತಕರಾರು ಇದೆ. ಹೆಸರು ರೊಸಿತಾಳದ್ದು, ಸಿನಿಮಾ ಮಾತ್ರ ಜಾಸ್ತಿ ಮಗನದ್ದು. ಅಷ್ಟು ದೂರದಿಂದ ಬಂದವಳ ಮನಸ್ಸಿನೊಳಗೆ ಇನ್ನೂ ಸ್ವಲ್ಪ ಇಳಿಯಬಹುದಿತ್ತು.

ಒಂದೇ ಸಂಜೆ ಬಿಡುವಿದ್ದರೆ ಇದನ್ನೇ ನೋಡಿ, ಒಂದೂವರೆ ಗಂಟೆ ಸಾಕು. ವೇಗ ಬೇಕಾದವರಿಗೆ ‘ನಾರ್ಡ್‌ವೆಸ್ಟ್’. ‘ನಾರ್ಡ್‌ಕ್ರಾಫ್ಟ್’ ಅನ್ನು ಸ್ಟೆಸೊಗೋಸ್ಕರ ನೋಡಬಹುದು, ಊಟದ ಹೊತ್ತಿನಲ್ಲಿ ಮಾತ್ರ ಬೇಡ.