ರೈತರ ಕೋಡ್ ಹೊಂದದಿದ್ದಾಗ: ಹುಬ್ಬಳ್ಳಿ ವಿದ್ಯಾನಗರದ ಎಕ್ಸೆಲ್ ಸೇವಾ ಕೇಂದ್ರ

ನಾನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯೊಂದರ ದಿವಾನಜಿ. ಸೋಮವಾರ ಮತ್ತು ಗುರುವಾರ ಟೆಂಡರ್ ಮುಗಿದ ಮೇಲೆ, ಲಾಟ್ ಯಾದಿಯಲ್ಲಿರುವ ರೈತರ ಕೋಡ್ ಹಿಡಿದು, ಇನ್ನೊಂದು ಹಾಳೆಯಲ್ಲಿರುವ ಅವರ ಬ್ಯಾಂಕ್ ಖಾತೆ ಸಂಖ್ಯೆಯನ್ನು ಎಕ್ಸೆಲ್‌ನ ವಿಲುಕಪ್ ಸೂತ್ರದಿಂದ ಹುಡುಕಿ ತಂದುಕೊಂಡು ಪಾವತಿ ಯಾದಿ ಸಿದ್ಧಪಡಿಸುವುದು ನನ್ನ ಕೆಲಸ. ಕಳೆದ ಹಂಗಾಮಿನಲ್ಲಿ ನಮ್ಮ ಬಿಲ್ಲಿಂಗ್ ತಂತ್ರಾಂಶ ಬದಲಾದ ವಾರದಿಂದ, ಎರಡೂ ಹಾಳೆಗಳಲ್ಲಿ ಕಣ್ಣಿಗೆ ಕಾಣುವ ಕೋಡ್‌ಗಳಿಗೂ ‘#ಎನ್/ಎ’, ಅಂದರೆ ‘ಸಿಗಲಿಲ್ಲ’ ಎಂಬ ದೋಷ, ಬರತೊಡಗಿತು. ಮೊದಲು ತೋರಿಸಿದ ತಂತ್ರಜ್ಞರೊಬ್ಬರು ಸೂತ್ರಕ್ಕೆ, ದೋಷ ಬಂದಲ್ಲಿ ಕೋಶವನ್ನು ಖಾಲಿ ತೋರಿಸುವಂತೆ ಇಫ್‌ಎರರ್ ಸೇರಿಸಿಕೊಟ್ಟರು. ದೋಷ ಕಾಣದಾಯಿತು, ಆದರೆ ಖಾಲಿ ಉಳಿದ ಸಾಲುಗಳು ಪಾವತಿಯಿಂದಲೇ ಬಿಟ್ಟುಹೋದವು. ಆರು ಚೀಲ ಡಬ್ಬಿ ಮೆಣಸಿನಕಾಯಿ ಮಾರಿದ್ದ ರೈತರೊಬ್ಬರು ನಾಲ್ಕು ದಿನ ಕಾದು, ಪಟ್ಟಿ ಹಿಡಿದುಕೊಂಡು ಅಂಗಡಿಗೆ ಬಂದಾಗಲೇ ನಮಗೆ ತಿಳಿಯಿತು. ಆ ದಿನದ ನಾಚಿಕೆ ಇನ್ನೂ ಮರೆತಿಲ್ಲ.

ಈ ಕೇಂದ್ರದ ಮೇಡಂ ಅವರು ಸೂತ್ರವನ್ನು ಮುಟ್ಟಲೇ ಇಲ್ಲ. ಎರಡೂ ಹಾಳೆಗಳಿಂದ ಒಂದೇ ರೈತರ ಕೋಡ್ ಇರುವ ಕೋಶಗಳನ್ನು ಆರಿಸಿ, ನಡುವೆ ಸಮ ಚಿಹ್ನೆಯಿಟ್ಟು ಹೋಲಿಸಿದರು. ‘ಫಾಲ್ಸ್’, ಅಂದರೆ ಎರಡೂ ಒಂದೇ ಅಲ್ಲ ಎಂದು ಬಂತು. ಬಳಿಕ, ಕೋಶದಲ್ಲಿರುವುದು ಪಠ್ಯವೇ ಎಂದು ನೋಡುವ ಈಸ್‌ಟೆಕ್ಸ್ಟ್ ಸೂತ್ರ ಹಾಕಿದಾಗ ಒಂದಕ್ಕೆ ‘ಟ್ರೂ’, ಇನ್ನೊಂದಕ್ಕೆ ‘ಫಾಲ್ಸ್’. “ಸೂತ್ರದಾಗ ತಪ್ಪಿಲ್ಲರಿ ಸರ್, ಈ ಕಡೆ 457 ಅಂಕಿ ಐತಿ, ಆ ಕಡೆ ಅಕ್ಷರ ಐತಿ” ಎಂದರು. ಹೊಸ ತಂತ್ರಾಂಶ ಕೋಡನ್ನು ಪಠ್ಯವಾಗಿ ಹೊರಹಾಕುತ್ತಿತ್ತು, ನಮ್ಮ ಹಳೆಯ ಯಾದಿಯಲ್ಲಿ ಅದು ಸಂಖ್ಯೆಯಾಗಿತ್ತು. ನಾನು ಹಿಂದೆಯೇ ಇಡೀ ಕಾಲಂ ಆರಿಸಿ ಫಾರ್ಮ್ಯಾಟನ್ನು ‘ಟೆಕ್ಸ್ಟ್’ ಎಂದು ಬದಲಿಸಿದ್ದೆ; ಆದರೆ ಮೊದಲೇ ತುಂಬಿದ ಸಂಖ್ಯೆಗಳು ಮತ್ತೆ ನಮೂದಿಸುವವರೆಗೂ ಒಳಗೆ ಸಂಖ್ಯೆಗಳಾಗಿಯೇ ಉಳಿಯುತ್ತವೆ ಎಂಬುದನ್ನು ಅವರಿಂದಲೇ ತಿಳಿದೆ.

ಅವರ ತೀರ್ಮಾನ ನನಗೆ ಬಹಳ ಹಿಡಿಸಿತು. ಕೋಡನ್ನು ಯಾರೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಅದು ರೈತರ ಹೆಸರಿದ್ದಂತೆ, ಆದ್ದರಿಂದ ಎರಡೂ ಕಡೆ ಪಠ್ಯವೇ ಆಗಿರಬೇಕು ಎಂದು ಹೇಳಿ, ಟೆಕ್ಸ್ಟ್ ಸೂತ್ರದಿಂದ ಎಲ್ಲ ಕೋಡ್‌ಗಳನ್ನೂ 00457ರಂತೆ ಐದು ಅಂಕಿಗೆ ತಂದರು. ಖಾತೆ ಸಂಖ್ಯೆಗೂ ಇದೇ ನಿಯಮ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ಸಂಖ್ಯೆಯನ್ನು ನಿಖರವಾಗಿ ಇಟ್ಟುಕೊಳ್ಳುವುದರಿಂದ, 16 ಅಂಕಿಯ ಖಾತೆಯನ್ನು ಸಂಖ್ಯೆಯಾಗಿ ಬರೆದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಮೂಲ ಅಂಕಿ ಮರಳಿ ಸಿಗುವುದಿಲ್ಲ.

ಇಷ್ಟಾದರೂ ಒಂಬತ್ತು ಸಾಲುಗಳು ಉಳಿದವು. ಅಕ್ಷರಗಳನ್ನು ಎಣಿಸುವ ಲೆನ್ ಸೂತ್ರ ಐದಕ್ಕೆ ಬದಲು ಆರು ತೋರಿಸಿತು: ಜಾಲತಾಣದಿಂದ ನಕಲು ಮಾಡಿದ ಕೋಡ್‌ಗಳ ಕೊನೆಯಲ್ಲಿ 160ನೇ ಸಂಕೇತದ ಖಾಲಿ ಜಾಗ ಅಂಟಿಕೊಂಡಿತ್ತು. ಸಾಮಾನ್ಯ ಖಾಲಿ ಜಾಗ ಅಳಿಸುವ ಟ್ರಿಮ್ ಸೂತ್ರ ಇದನ್ನು ತೆಗೆಯುವುದಿಲ್ಲ, ಒಂದು ಅಕ್ಷರದ ಬದಲು ಇನ್ನೊಂದನ್ನು ಇಡುವ ಸಬ್‌ಸ್ಟಿಟ್ಯೂಟ್ ಬೇಕು.

ಊರಿನ ಹೆಸರಿನಿಂದ ಗಾಡಿ ಬಾಡಿಗೆ ತರುವ ಹಾಳೆಯ ದೋಷ ಬೇರೆಯೇ ಇತ್ತು. ‘ಮೋಟೆಬೆನ್ನೂರು’ ಎಂದು ಕೋಶದಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದರೂ, ಮೇಲಿನ ಸೂತ್ರಪಟ್ಟಿಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಿದ್ದವು. ಹಳೆಯ ಯಾದಿ ‘ನುಡಿ’ ತಂತ್ರಾಂಶದ ಆಸ್ಕಿ ಅಕ್ಷರದಲ್ಲಿ, ಅಂದರೆ ರೋಮನ್ ಅಕ್ಷರಗಳಿಗೆ ಕನ್ನಡದ ರೂಪ ತೊಡಿಸಿದ ಬಗೆಯಲ್ಲಿ, ಹೊಸದು ಕನ್ನಡ ಅಕ್ಷರಗಳಿಗೇ ಪ್ರತ್ಯೇಕ ಸಂಕೇತವಿರುವ ಯೂನಿಕೋಡ್‌ನಲ್ಲಿ. ಅದನ್ನು ಪರಿವರ್ತಿಸಿದ ಕೂಡಲೇ ಬಾಡಿಗೆಯೂ ಬಂತು. ಕನ್ನಡದಲ್ಲಿ ಲೆಕ್ಕ ಇಡುವ ಅಂಗಡಿಗಳವರು ಇದನ್ನು ಮೊದಲು ನೋಡಿಕೊಳ್ಳಬೇಕೆಂದು ನನ್ನ ಒತ್ತಾಯದ ಸಲಹೆ.

ನಾನು ಕೇಳದಿದ್ದರೂ ಅವರು ಇನ್ನೊಂದು ಹಾಳೆಯಲ್ಲಿ ವಿಲುಕಪ್‌ನ ನಾಲ್ಕನೆಯ ಭಾಗ ಬಿಟ್ಟುಹೋಗಿದ್ದನ್ನು ಗುರುತಿಸಿದರು. ಅಲ್ಲಿ ‘ಫಾಲ್ಸ್’ ಬರೆಯದಿದ್ದರೆ ಕೋಡ್ ಸಿಗದಾಗ ಹತ್ತಿರದ ಬೇರೊಂದು ಕೋಡಿನ ಖಾತೆಯೇ ಬಂದು ಕೂರಬಹುದು. ಒಬ್ಬರ ಹಣ ಮತ್ತೊಬ್ಬರಿಗೆ ಹೋಗಬಹುದು. ಇಫ್‌ಎರರ್ ಅನ್ನೂ ತೆಗೆಸಿ, ದೋಷ ಕಂಡರೆ ಆ ಸಾಲು ಕೆಂಪಾಗುವಂತೆ ಮಾಡಿಕೊಟ್ಟರು.

ಕೊರತೆಯೂ ಉಂಟು. ವಿವರಣೆ ಬಹಳ ವೇಗವಾಗಿತ್ತು, ಬರೆದ ಸೂಚನೆ ಕೊಡಲಿಲ್ಲ, ನಾನೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಎರಡು ಗಂಟೆಯ ಕೆಲಸಕ್ಕೆ 600 ರೂಪಾಯಿ ಪಡೆದರು, ಅದು ನ್ಯಾಯವೇ. ಹೋಗುವವರು ಎರಡೂ ಹಾಳೆಗಳನ್ನು ತಿದ್ದದೆ, ದೋಷ ಇದ್ದ ಹಾಗೆಯೇ ತೆಗೆದುಕೊಂಡು ಹೋಗಬೇಕು. ನಾನು ಮನೆಯಲ್ಲಿ ಅರ್ಧ ತಿದ್ದಿ ಒಯ್ದಿದ್ದರಿಂದ ಅವರ ಮೊದಲ ಅರ್ಧ ಗಂಟೆ ಅದನ್ನು ಬಿಡಿಸುವುದಕ್ಕೇ ಹೋಯಿತು.